'ಪೈಲಟ್ ತಪ್ಪು' ಅಂದ್ಮೇಲೆ ಉಳಿಯೋ ಪ್ರಶ್ನೆ

ನಮ್ಮ ಕನ್ನಡ ಸಂಘದ ಅಧ್ಯಯನ ಅಂಕಣಕ್ಕೆ ಈ ಸಲ ಬೆಂಗಳೂರಿನಲ್ಲೇ ನಡೆದ ಒಂದು ಘಟನೆಯನ್ನ ತಗೊಂಡಿದ್ದೀವಿ. ನಮ್ಮ ಬಿನ್ನಿಪೇಟೆಯಿಂದ ನೋಡಿದ್ರೆ ಊರಿನ ಇನ್ನೊಂದು ತುದಿ, ಹಳೇ ವಿಮಾನ ನಿಲ್ದಾಣದ ಕಡೆ ನಡೆದದ್ದು. ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಆದ್ರೆ ಕಂಟ್ರೋಲ್ ಸಿಸ್ಟಮ್ಸ್ ಓದೋರು, ಕೋಡ್ ಬರೆಯೋರು, ನಾಳೆ ಜನ ಬಳಸೋ ಯಂತ್ರ ಕಟ್ಟೋರು ಎಲ್ಲರೂ ಒಮ್ಮೆ ತಿಳ್ಕೊಳ್ಳಲೇಬೇಕಾದ ಪಾಠ ಇದು.

1990ರ ಫೆಬ್ರವರಿ 14. ಮುಂಬೈಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯಬೇಕಿತ್ತು. ಆಕಾಶ ತಿಳಿಯಾಗಿತ್ತು. ರನ್‌ವೇ ಕಣ್ಣೆದುರಿಗೇ ಕಾಣ್ತಿತ್ತು. ವಿಮಾನ ಏರ್‌ಬಸ್ ಎ320, ಸೇವೆಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಎಂಜಿನ್ ಕೆಟ್ಟಿರಲಿಲ್ಲ, ಇಂಧನ ಮುಗಿದಿರಲಿಲ್ಲ. ಆದರೂ ಅದು ರನ್‌ವೇಗೆ ಸುಮಾರು 700 ಮೀಟರ್ ಮೊದಲೇ ಗಾಲ್ಫ್ ಮೈದಾನದ ಮೇಲೆ ನೆಲ ಮುಟ್ಟಿತು. ಒಮ್ಮೆ ಪುಟಿದು, ಮತ್ತೆ ಬಿದ್ದು, ಮಣ್ಣಿನ ಏರಿಗೆ ಬಡಿದು ಹೊತ್ತಿ ಉರಿಯಿತು. ಒಳಗಿದ್ದ 146 ಜನರಲ್ಲಿ 92 ಜನ ತೀರಿಕೊಂಡರು. ಉಳಿದವರು 54.

ಸತ್ತವರಲ್ಲಿ ಕಾಕ್‌ಪಿಟ್‌ನಲ್ಲಿದ್ದ ಇಬ್ಬರು ಕ್ಯಾಪ್ಟನ್‌ಗಳೂ ಇದ್ದರು: ಸಿರಿಲ್ ಫರ್ನಾಂಡಿಸ್ ಮತ್ತು ಸತೀಶ್ ಗೋಪುಜ್ಕರ್.

ಕ್ಯಾಪ್ಟನ್ ಅಂದ್ರೆ ಯಾರು?

ವಿಮಾನ ಬಿದ್ದ ಮೇಲೆ ನಮಗೆ ಕ್ಯಾಪ್ಟನ್‌ನ ಕೊನೆಯ ಅರ್ಧ ನಿಮಿಷ ಮಾತ್ರ ಗೊತ್ತಾಗುತ್ತೆ. ಅದರ ಹಿಂದಿನ ವರ್ಷಗಳನ್ನ ಯಾರೂ ಕೇಳಲ್ಲ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಇವತ್ತಿನ ಭಾರತದ ನಿಯಮದ ಪ್ರಕಾರ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ನಮ್ಮ ಜಕ್ಕೂರಿನ ಸರ್ಕಾರಿ ಶಾಲೆಯಂಥ ಕಡೆ ಸಣ್ಣ ವಿಮಾನದಲ್ಲಿ ಈ ಗಂಟೆಗಳು ಶುರುವಾಗ್ತವೆ. ಕ್ಯಾಪ್ಟನ್ ಆಗೋಕೆ ಬೇಕಾದ ಏರ್‌ಲೈನ್ ಲೈಸೆನ್ಸ್‌ಗೆ 1500 ಗಂಟೆ. ಅದಾದ ಮೇಲೂ ಪ್ರತಿ ಹೊಸ ಮಾದರಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ. ವರ್ಷಕ್ಕೆ ಎರಡು ಸಲ ಸಿಮ್ಯುಲೇಟರ್‌ನಲ್ಲಿ ಕೂರಿಸಿ ಎಂಜಿನ್ ಕೆಡಿಸಿ, ಬೆಂಕಿ ಹಚ್ಚಿ, 'ಈಗ ಏನ್ಮಾಡ್ತೀಯಾ?' ಅಂತ ಕೇಳ್ತಾರೆ. ವೈದ್ಯಕೀಯ ಪರೀಕ್ಷೆ ಬೇರೆ. ನಾವು ಸೆಮಿಸ್ಟರ್ ಪರೀಕ್ಷೆ ಮುಗಿದ್ರೆ ಸಾಕಪ್ಪಾ ಅಂತೀವಿ, ಪೈಲಟ್‌ಗಳಿಗೆ ನಿವೃತ್ತಿವರೆಗೂ ಪರೀಕ್ಷೆ ತಪ್ಪಲ್ಲ.

ಫರ್ನಾಂಡಿಸ್ ಅವರ ಖಾತೆಯಲ್ಲಿ 9 ಸಾವಿರಕ್ಕೂ ಹೆಚ್ಚು ಗಂಟೆ ಹಾರಾಟ ಇತ್ತು. ಗೋಪುಜ್ಕರ್ ಅವರದ್ದು 10 ಸಾವಿರಕ್ಕೂ ಹೆಚ್ಚು. ಹತ್ತು ಸಾವಿರ ಗಂಟೆ ಅಂದ್ರೆ ಹಗಲು ರಾತ್ರಿ ಬಿಡದೆ ಹಾರಿದ್ರೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆಕಾಶದಲ್ಲೇ ಇದ್ದ ಹಾಗೆ. ಆದ್ರೆ ಇನ್ನೊಂದು ಲೆಕ್ಕಾನೂ ಇದೆ. ಎ320 ವಿಮಾನದಲ್ಲಿ ಫರ್ನಾಂಡಿಸ್ ಅವರ ಅನುಭವ ನೂರು ಗಂಟೆಯೂ ಇರಲಿಲ್ಲ. ಆವತ್ತು ಅವರು ಎಡ ಸೀಟಿನಲ್ಲಿ ಕೂತು ವಿಮಾನ ನಡೆಸ್ತಾ ಇದ್ದರು. ಬಲ ಸೀಟಿನಲ್ಲಿ ಗೋಪುಜ್ಕರ್ ಪರೀಕ್ಷಕರಾಗಿ ಕೂತಿದ್ದರು. ಹೊಸ ಮಾದರಿಯಲ್ಲಿ ಕ್ಯಾಪ್ಟನ್ ಆಗೋಕೆ ಬೇಕಾದ ಮಾರ್ಗ ಪರೀಕ್ಷೆಗಳಲ್ಲಿ ಅದೂ ಒಂದು.

ಅಂದ್ರೆ ಗೋಪುಜ್ಕರ್ ಅವರಿಗೆ ಒಂದೇ ಹೊತ್ತಿಗೆ ಎರಡು ಕೆಲಸ. ಸಹ ಪೈಲಟ್ ಆಗಿ ಸಹಾಯ ಮಾಡಬೇಕು, ಪರೀಕ್ಷಕರಾಗಿ ಗಮನಿಸ್ತಾ ಇರಬೇಕು. ಪರೀಕ್ಷೆ ಕೊಡೋ ವಿದ್ಯಾರ್ಥಿಯ ಪಕ್ಕ ಕೂತ ಮೇಷ್ಟ್ರು ಯಾವಾಗ ಸುಮ್ಮನಿರಬೇಕು, ಯಾವಾಗ ಕೈ ಹಾಕಬೇಕು? ಲ್ಯಾಬ್ ವೈವಾದಲ್ಲಿ ಇದು ಸಣ್ಣ ಪ್ರಶ್ನೆ. ನೂರು ಮೀಟರ್ ಎತ್ತರದಲ್ಲಿ ಅಲ್ಲ.

'ಓಪನ್ ಡಿಸೆಂಟ್' ಅಂದ್ರೆ ಏನು?

ಈಗ ತಾಂತ್ರಿಕ ವಿಷಯಕ್ಕೆ ಬರೋಣ. ಎ320 ಆ ಕಾಲಕ್ಕೆ ತೀರಾ ಹೊಸ ಬಗೆಯ ವಿಮಾನ. 1988ರಲ್ಲಿ ಸೇವೆಗೆ ಬಂತು. ಪೈಲಟ್‌ನ ಕೈಗೂ ರೆಕ್ಕೆಗೂ ಮಧ್ಯೆ ಕಂಪ್ಯೂಟರ್ ಕೂತಿದ್ದ, ಪೂರ್ತಿ ಡಿಜಿಟಲ್ ಫ್ಲೈ-ಬೈ-ವೈರ್ ಇದ್ದ ಮೊದಲ ಪ್ರಯಾಣಿಕ ಜೆಟ್ ಅದು. ಎಂಜಿನ್ ಶಕ್ತಿಯನ್ನ ತಾನೇ ಏರಿಸಿ ಇಳಿಸೋ 'ಆಟೋಥ್ರಸ್ಟ್' ವ್ಯವಸ್ಥೆಯೂ ಅದರಲ್ಲಿತ್ತು. ಈ ವ್ಯವಸ್ಥೆ ಬೇರೆ ಬೇರೆ ಮೋಡ್‌ಗಳಲ್ಲಿ ಕೆಲಸ ಮಾಡುತ್ತೆ. ನಮ್ಮ ಕಥೆಗೆ ಎರಡು ಮೋಡ್ ಸಾಕು.

ಒಂದು, ಸ್ಪೀಡ್ ಮೋಡ್. ಪೈಲಟ್ ಒಂದು ವೇಗ ಕೊಡ್ತಾರೆ. ವೇಗ ಕಮ್ಮಿಯಾದ್ರೆ ಕಂಪ್ಯೂಟರ್ ಎಂಜಿನ್ ಶಕ್ತಿ ಏರಿಸುತ್ತೆ, ಜಾಸ್ತಿಯಾದ್ರೆ ಇಳಿಸುತ್ತೆ. ಇದು ನಾವೆಲ್ಲ ಓದಿರೋ ಕ್ಲೋಸ್ಡ್ ಲೂಪ್. ಲ್ಯಾಂಡಿಂಗ್‌ಗೆ ಬೇಕಾಗಿದ್ದು ಇದೇ.

ಎರಡು, ಓಪನ್ ಡಿಸೆಂಟ್ ಮೋಡ್. ಇಲ್ಲಿ ಎಂಜಿನ್ ಐಡಲ್‌ನಲ್ಲಿ, ಅಂದ್ರೆ ಕನಿಷ್ಠ ಶಕ್ತಿಯಲ್ಲಿ ಇರುತ್ತೆ. ಹಾಗಾದ್ರೆ ವೇಗ ಕಾಯೋರು ಯಾರು? ವಿಮಾನದ ಮೂತಿ. ಮೂತಿ ಕೆಳಗಿಳಿಸಿದ್ರೆ ವೇಗ ಹೆಚ್ಚುತ್ತೆ, ಮೇಲೆತ್ತಿದ್ರೆ ಕಮ್ಮಿಯಾಗುತ್ತೆ. ಆಟೋಪೈಲಟ್ ಆಫ್ ಇದ್ರೆ ಮೂತಿ ಎಷ್ಟಿರಬೇಕು ಅನ್ನೋದನ್ನ 'ಫ್ಲೈಟ್ ಡೈರೆಕ್ಟರ್' ಪರದೆ ಮೇಲೆ ಗೆರೆ ಹಾಕಿ ತೋರಿಸುತ್ತೆ, ಪೈಲಟ್ ಅದನ್ನ ಅನುಸರಿಸಬೇಕು. ಎತ್ತರದಿಂದ ಬೇಗ ಇಳಿಯೋಕೆ ಇದು ಒಳ್ಳೇ ಮೋಡ್. ನೆಲದ ಹತ್ತಿರ ಅಪಾಯದ ಮೋಡ್.

ಯಾಕೆ ಅಂತ ನೋಡಿ. ಪೈಲಟ್ ಕಣ್ಣು ರನ್‌ವೇ ಮೇಲಿದೆ. ವಿಮಾನ ಕೆಳಕ್ಕೆ ಜಾರ್ತಿದೆ ಅಂತ ಕಂಡ ಕೂಡಲೇ ಕೈ ತಾನಾಗೇ ಮೂತಿ ಮೇಲೆತ್ತುತ್ತೆ. 'ಎಂಜಿನ್ ವೇಗ ನೋಡ್ಕೊಳ್ಳುತ್ತೆ' ಅಂತ ಮನುಷ್ಯ ಅಂದ್ಕೊಂಡಿದ್ದಾನೆ. 'ಮೂತಿ ವೇಗ ನೋಡ್ಕೊಳ್ಳುತ್ತೆ' ಅಂತ ಯಂತ್ರ ಅಂದ್ಕೊಂಡಿದೆ. ಇಬ್ಬರ ಮಧ್ಯೆ ವೇಗವನ್ನ ಯಾರೂ ನೋಡ್ಕೊಳ್ತಿಲ್ಲ. ಆವತ್ತು ಆಗಿದ್ದು ಇಷ್ಟೇ.

ಈ ಮೋಡ್ ಕೊನೆಯ ಹಂತದಲ್ಲಿ ಹೇಗೆ ಬಂತು ಅನ್ನೋದನ್ನ ಖಚಿತವಾಗಿ ಗುರುತಿಸೋಕೆ ಆಗಲಿಲ್ಲ ಅಂತ ತನಿಖೆ ಹೇಳಿತು. ಆದ್ರೆ ಒಂದು ಸಾಧ್ಯತೆ ಚರ್ಚೆಗೆ ಬಂತು. ನಿಮಿಷಕ್ಕೆ 700 ಅಡಿ ಇಳಿಯೋ ದರ ಬೇಕಿತ್ತು. ಇಳಿಯೋ ದರಕ್ಕೆ ಒಂದು ಗುಬ್ಬಿ, ಎತ್ತರಕ್ಕೆ ಇನ್ನೊಂದು ಗುಬ್ಬಿ, ಎರಡೂ ಅಕ್ಕಪಕ್ಕ. 700 ಅನ್ನೋ ಅಂಕಿ ದರದ ಗುಬ್ಬಿಯ ಬದಲು ಎತ್ತರದ ಗುಬ್ಬಿಗೆ ಹೋಗಿದ್ರೆ? 'ನಿಮಿಷಕ್ಕೆ 700 ಅಡಿಯಂತೆ ಇಳಿ' ಅನ್ನೋ ಆಜ್ಞೆ '700 ಅಡಿ ಎತ್ತರಕ್ಕೆ ಇಳಿ' ಅಂತಾಗುತ್ತೆ. ಬೆಂಗಳೂರು ಇರೋದೇ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲೆ. 700 ಅಡಿ ಅಂದ್ರೆ ನೆಲದೊಳಗೆ! ಯೂನಿಟ್ ಬರೆಯದೆ ಬರೀ ಅಂಕಿ ಬರೆದ್ರೆ ಮಾರ್ಕ್ಸ್ ಕಟ್ ಮಾಡೋ ಮೇಷ್ಟ್ರ ಮೇಲೆ ಇನ್ನು ಮುಂದೆ ಸಿಟ್ಟು ಮಾಡ್ಕೋಬೇಡಿ.

ಒಂದು ಸ್ವಿಚ್ ಆಫ್, ಒಂದು ಆನ್

ಕಾಕ್‌ಪಿಟ್ ಧ್ವನಿಮುದ್ರಣದ ಪ್ರಕಾರ, ಕೊನೆಯ ಅರ್ಧ ನಿಮಿಷದ ಆಸುಪಾಸಿನಲ್ಲಿ ವಿಮಾನ ಐಡಲ್ ಓಪನ್ ಡಿಸೆಂಟ್‌ನಲ್ಲಿದೆ ಅನ್ನೋದನ್ನ ಗೋಪುಜ್ಕರ್ ಗಮನಿಸಿದರು, ಬಾಯಿಬಿಟ್ಟು ಹೇಳಿದರು ಕೂಡ. ಅಂದ್ರೆ ವಿಷಯ ಗೊತ್ತಿತ್ತು.

ಈ ಮೋಡ್‌ನಿಂದ ಹೊರಬರೋ ಒಂದು ದಾರಿ ಎರಡೂ ಕಡೆಯ ಫ್ಲೈಟ್ ಡೈರೆಕ್ಟರ್‌ಗಳನ್ನ ಆಫ್ ಮಾಡೋದು. ಎರಡೂ ಆಫ್ ಆದ್ರೆ ಆಟೋಥ್ರಸ್ಟ್ ತಾನಾಗೇ ಸ್ಪೀಡ್ ಮೋಡ್‌ಗೆ ಬರುತ್ತೆ, ಎಂಜಿನ್ ಎದ್ದೇಳುತ್ತೆ. ಫರ್ನಾಂಡಿಸ್ ಅವರ ಕಡೆಯದ್ದು ಆಫ್ ಆಯ್ತು. ಗೋಪುಜ್ಕರ್ ಅವರ ಕಡೆಯದ್ದು ಆನ್ ಆಗೇ ಉಳೀತು. ನನ್ನದು ಆಫ್ ಆಗಿಲ್ಲವಲ್ಲ ಅನ್ನೋ ಮಾತೂ ಮುದ್ರಣದಲ್ಲಿದೆ. ಎರಡರಲ್ಲಿ ಒಂದು ಆಫ್ ಆದ್ರೆ ಯಂತ್ರದ ಲೆಕ್ಕದಲ್ಲಿ ಏನೂ ಬದಲಾಗಿಲ್ಲ. ನಮ್ಮ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಭಾಷೆಯಲ್ಲಿ ಅದೊಂದು ಆಂಡ್ ಗೇಟ್. ಒಂದು ಇನ್‌ಪುಟ್ ಬಂತು, ಇನ್ನೊಂದು ಬರಲಿಲ್ಲ, ಔಟ್‌ಪುಟ್ ಸೊನ್ನೆ.

ಈ ಮಧ್ಯೆ ಎತ್ತರ ಹೇಳೋ ಧ್ವನಿ ಕೂಗ್ತಾ ಇತ್ತು: ನಾನೂರು, ಮುನ್ನೂರು, ಇನ್ನೂರು.

ಒಂದು ಸಣ್ಣ ಲೆಕ್ಕ

ಇಳಿಯೋಕೆ ಬೇಕಾಗಿದ್ದ ವೇಗ 132 ನಾಟ್, ಗಂಟೆಗೆ ಸುಮಾರು 245 ಕಿಲೋಮೀಟರ್. ವೇಗ ಕುಸಿದದ್ದು ಸುಮಾರು 106 ನಾಟ್‌ವರೆಗೆ. ಬರೀ 26 ನಾಟ್ ತಾನೇ ಅನ್ನಿಸಬಹುದು. ಆದ್ರೆ ಲಿಫ್ಟ್ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತೆ. 106ನ್ನ 132ರಿಂದ ಭಾಗಿಸಿ ವರ್ಗ ಮಾಡಿ: 0.645. ರೆಕ್ಕೆಯ ಕೋನ ಅದೇ ಇದ್ರೆ ಲಿಫ್ಟ್ ನೂರಕ್ಕೆ 35ರಷ್ಟು ಮಾಯ. ಅದನ್ನ ತುಂಬೋಕೆ ಮೂತಿ ಇನ್ನೂ ಎತ್ತಬೇಕು. ಎತ್ತಿದ್ರೆ ಡ್ರ್ಯಾಗ್ ಹೆಚ್ಚುತ್ತೆ, ವೇಗ ಇನ್ನೂ ಬೀಳುತ್ತೆ. ಕೆಸರಲ್ಲಿ ಸಿಕ್ಕ ಕಾಲಿನ ಹಾಗೆ, ಒದ್ದಾಡಿದಷ್ಟೂ ಕೆಳಗೆ.

ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ? ಒರಟು ಲೆಕ್ಕ ಮಾಡೋಣ. ಸಾಮಾನ್ಯವಾಗಿ ವಿಮಾನ ಇಳಿಯೋದು 3 ಡಿಗ್ರಿ ಇಳಿಜಾರಿನಲ್ಲಿ. ಆ ಇಳಿಜಾರಿನಿಂದ ಮುಂದಕ್ಕೆ ಸಿಗೋ ತಳ್ಳು ತೂಕದ ನೂರಕ್ಕೆ 5.2ರಷ್ಟು. ಚಕ್ರ, ಫ್ಲಾಪ್ ಎಲ್ಲ ಇಳಿಸಿದಾಗ ಲಿಫ್ಟ್ ಮತ್ತು ಡ್ರ್ಯಾಗ್ ಅನುಪಾತ 8 ಅಂತ ಹಿಡಿದ್ರೆ, ಡ್ರ್ಯಾಗ್ ತೂಕದ ನೂರಕ್ಕೆ 12.5. ಉಳಿದ 7.3ನ್ನ ಎಂಜಿನ್ ಕೊಡಬೇಕು. ಎಂಜಿನ್ ಏನೂ ಕೊಡ್ತಿಲ್ಲ ಅಂದ್ಕೊಂಡ್ರೆ, ವೇಗ ಸೆಕೆಂಡಿಗೆ 0.71 ಮೀಟರ್‌ನಂತೆ, ಅಂದ್ರೆ ಸುಮಾರು 1.4 ನಾಟ್‌ನಂತೆ ಬೀಳುತ್ತೆ. 26 ನಾಟ್ ಹೋಗೋಕೆ ಇಪ್ಪತ್ತು ಸೆಕೆಂಡೂ ಬೇಡ. ಒಂದು ಸ್ವಿಚ್ಚಿನ ಬಗ್ಗೆ ಎರಡು ಮಾತಾಡಿ ಮುಗಿಸೋಷ್ಟು ಹೊತ್ತು.

ಇನ್ನೊಂದು ವಿಷಯ. ಜೆಟ್ ಎಂಜಿನ್ ಬೈಕಿನ ಎಂಜಿನ್ ಥರ ಅಲ್ಲ. ಐಡಲ್‌ನಿಂದ ಪೂರ್ತಿ ಶಕ್ತಿಗೆ ಬರೋಕೆ ಏಳೆಂಟು ಸೆಕೆಂಡ್ ತಗೊಳ್ಳುತ್ತೆ. ಕೊನೆ ಗಳಿಗೆಯಲ್ಲಿ ಪೈಲಟ್‌ಗಳು ಥ್ರಸ್ಟ್ ಲಿವರ್ ಪೂರ್ತಿ ಮುಂದೆ ತಳ್ಳಿದರು. ವಿಮಾನದ 'ಆಲ್ಫಾ ಫ್ಲೋರ್' ಅನ್ನೋ ರಕ್ಷಣಾ ವ್ಯವಸ್ಥೆ ಕೂಡ ತಾನಾಗೇ ಪೂರ್ತಿ ಶಕ್ತಿ ಕೇಳಿತು. ಎಂಜಿನ್ ಏರ್ತಾ ಇತ್ತು, ಆದ್ರೆ ಅಷ್ಟರಲ್ಲಿ ಎತ್ತರ ಮುಗಿದಿತ್ತು.

ವರದಿ ಹೇಳಿದ್ದು, ಹೇಳದೆ ಉಳಿದದ್ದು

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖಾ ನ್ಯಾಯಾಲಯ ಕೂತಿತು. ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ320 ವಿಮಾನಗಳನ್ನೂ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿತು. ವರದಿಯ ಸಾರಾಂಶ ಹೀಗೆ: ವಿಮಾನ ಐಡಲ್ ಓಪನ್ ಡಿಸೆಂಟ್‌ನಲ್ಲಿದೆ ಅಂತ ಗೊತ್ತಿದ್ದೂ, ಎತ್ತರದ ಕೂಗುಗಳು ಕೇಳಿದ ಮೇಲೂ, ಪೈಲಟ್‌ಗಳು ಪರಿಸ್ಥಿತಿಯ ಗಂಭೀರತೆ ಅರಿತು ಕೂಡಲೇ ಥ್ರಾಟಲ್ ಮುಂದೆ ತಳ್ಳಲಿಲ್ಲ.

ಈ ಮಾತನ್ನ ನಾವು ಅಲ್ಲಗಳೆಯೋದಿಲ್ಲ. ಲಿವರ್ ಕೈಗೆಟುಕೋ ದೂರದಲ್ಲೇ ಇತ್ತು. ಕೆಲವೇ ಸೆಕೆಂಡ್ ಮೊದಲು ತಳ್ಳಿದ್ರೆ 92 ಜನ ಮನೆ ಸೇರ್ತಿದ್ದರು. ಸತ್ತವರ ಬಗ್ಗೆ ಮರುಕ ಇದೆ ಅಂತ ಈ ಸತ್ಯವನ್ನ ಮುಚ್ಚಿಡೋದು ಪ್ರಯಾಣಿಕರಿಗೆ ಮಾಡೋ ಅನ್ಯಾಯ.

ಆದ್ರೆ 'ಪೈಲಟ್ ತಪ್ಪು' ಅಂತ ಫೈಲ್ ಮುಚ್ಚಿದ್ರೆ ಎಂಜಿನಿಯರ್ ಆದವನಿಗೆ ಏನೂ ಸಿಗಲ್ಲ. ಇಪ್ಪತ್ತು ಸಾವಿರ ಗಂಟೆ ಅನುಭವ ಇರೋ ಇಬ್ಬರು, ಬೆಳ್ಳಂಬೆಳಕಲ್ಲಿ, ಚೆನ್ನಾಗಿರೋ ವಿಮಾನವನ್ನ ಯಾಕೆ ನೆಲಕ್ಕಿಳಿಸಿದರು? ಅವರಿಗೆ ಬುದ್ಧಿ ಇರಲಿಲ್ಲ ಅನ್ನೋದು ಉತ್ತರ ಅಲ್ಲ. ಆ ಹೊತ್ತಿಗೆ ಅವರಿಗೆ ಏನು ಕಾಣ್ತಿತ್ತು, ಏನು ಕಾಣ್ತಿರಲಿಲ್ಲ ಅಂತ ಕೇಳಬೇಕು.

ಒಂದು ಉದಾಹರಣೆ. ಬೋಯಿಂಗ್ ವಿಮಾನಗಳಲ್ಲಿ ಆಟೋಥ್ರಾಟಲ್ ಶಕ್ತಿ ಬದಲಿಸಿದಾಗ ಲಿವರ್ ಕೂಡ ತಾನೇ ಚಲಿಸುತ್ತೆ. ಕೈ ಅದರ ಮೇಲಿದ್ರೆ ಕಣ್ಣು ಬೇರೆ ಕಡೆ ಇದ್ರೂ ಎಂಜಿನ್ ಇಳೀತಿದೆ ಅಂತ ಅಂಗೈಗೆ ತಿಳಿಯುತ್ತೆ. ಎ320ಯಲ್ಲಿ ಆಟೋಥ್ರಸ್ಟ್ ಕೆಲಸ ಮಾಡುವಾಗ ಲಿವರ್ ಇದ್ದಲ್ಲೇ ಇರುತ್ತೆ. ಎಂಜಿನ್ ಎಷ್ಟು ಶಕ್ತಿ ಕೊಡ್ತಿದೆ, ಮೋಡ್ ಯಾವುದು ಅನ್ನೋದನ್ನ ಪರದೆ ನೋಡಿಯೇ ತಿಳ್ಕೋಬೇಕು. ಇದು ತಪ್ಪು ವಿನ್ಯಾಸ ಅಂತ ನಾವು ತೀರ್ಪು ಕೊಡ್ತಿಲ್ಲ. ಇವತ್ತಿಗೂ ಸಾವಿರಾರು ಎ320 ವಿಮಾನಗಳು ಇದೇ ರೀತಿ ಸುರಕ್ಷಿತವಾಗಿ ಹಾರ್ತಿವೆ. ಆದ್ರೆ ಹಳೇ ಯಂತ್ರದಲ್ಲಿ ಸಾವಿರಾರು ಗಂಟೆ ಪಳಗಿದ ಕೈಗೆ ಹೊಸ ಯಂತ್ರ ಒಂದು ಸುದ್ದಿಯನ್ನ ಕಡಿಮೆ ಹೇಳ್ತಿದ್ರೆ, ಆ ಕೊರತೆಯನ್ನ ತರಬೇತಿ ತುಂಬಬೇಕು. ನೂರು ಗಂಟೆಗಿಂತ ಕಡಿಮೆ ಅನುಭವದಲ್ಲಿ ಅದು ತುಂಬಿತ್ತಾ ಅನ್ನೋದು ಕೇಳಲೇಬೇಕಾದ ಪ್ರಶ್ನೆ.

ಬೇರೆ ಊರು, ಅದೇ ಪಾಠ

1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ತಿರ ಇನ್ನೊಂದು ಎ320 ಬೆಟ್ಟಕ್ಕೆ ಬಡಿಯಿತು. 87 ಜನ ಸತ್ತರು. ಪೈಲಟ್‌ಗಳು 3.3 ಡಿಗ್ರಿ ಇಳಿಜಾರು ಅಂದ್ಕೊಂಡು ಕೊಟ್ಟ ಅಂಕಿಯನ್ನ ಯಂತ್ರ ನಿಮಿಷಕ್ಕೆ 3300 ಅಡಿ ಅಂತ ತಗೊಂಡಿತ್ತು ಅನ್ನೋದು ತನಿಖೆಯಲ್ಲಿ ಮುಖ್ಯವಾಗಿ ಕಂಡ ಸಾಧ್ಯತೆ. ಎರಡೂ ಮೋಡ್‌ಗೆ ಒಂದೇ ಕಿಟಕಿ, ಅಂಕಿಗಳೂ ನೋಡೋಕೆ ಒಂದೇ ಥರ. ಆಮೇಲೆ ಇಳಿಯೋ ದರವನ್ನ ನಾಲ್ಕು ಅಂಕಿಯಲ್ಲಿ ತೋರಿಸೋ ಹಾಗೆ ಪರದೆ ಬದಲಾಯಿತು. ನೋಡಿ, ಇಲ್ಲಿ ಫೈಲ್ 'ಪೈಲಟ್ ತಪ್ಪು' ಅಂತ ಮುಚ್ಚಲಿಲ್ಲ.

2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ ಸಂಸ್ಥೆಯ ಬೋಯಿಂಗ್ 777 ರನ್‌ವೇಗೆ ಮೊದಲೇ ಕಲ್ಲಿನ ದಂಡೆಗೆ ಬಾಲ ಬಡಿಯಿತು. ಬೆಂಗಳೂರಿನ ಕಥೆಯನ್ನೇ ಮತ್ತೆ ಓದಿದ ಹಾಗಿದೆ: ತಿಳಿ ಆಕಾಶ, ಚೆನ್ನಾಗಿರೋ ವಿಮಾನ, ಎಡಗಡೆ ಹೊಸ ಮಾದರಿಗೆ ಬದಲಾಗ್ತಿದ್ದ ಅನುಭವಿ ಪೈಲಟ್, ಬಲಗಡೆ ತರಬೇತುದಾರ ಕ್ಯಾಪ್ಟನ್, ಆಟೋಥ್ರಾಟಲ್ ವೇಗ ಕಾಯ್ತಿದೆ ಅನ್ನೋ ನಂಬಿಕೆ, ಆದ್ರೆ ಅದು ಕಾಯದ ಮೋಡ್‌ನಲ್ಲಿತ್ತು. 137 ನಾಟ್ ಇರಬೇಕಾದ ವೇಗ 103ಕ್ಕೆ ಇಳಿದಿತ್ತು. ಅದೃಷ್ಟಕ್ಕೆ 307 ಜನರಲ್ಲಿ ಸತ್ತವರು ಮೂವರು. ಬೋಯಿಂಗ್‌ನಲ್ಲೂ ಹೀಗಾಯ್ತು ಅಂದ್ರೆ ಕಂಪನಿ ಮುಖ್ಯ ಅಲ್ಲ. ಯಂತ್ರ ಯಾವ ಮೋಡ್‌ನಲ್ಲಿದೆ ಅನ್ನೋದೂ ಮನುಷ್ಯ ಅಂದ್ಕೊಂಡಿರೋದೂ ಬೇರೆ ಆದಾಗ ಯಾರ ವಿಮಾನವಾದ್ರೂ ಬೀಳುತ್ತೆ.

ನಮ್ಮ ರಾಜ್ಯದ ಇನ್ನೊಂದು ದುರಂತ, 2010ರ ಮೇ 22ರ ಮಂಗಳೂರಿನದ್ದು, ಬೇರೆ ಬಗೆಯದ್ದು. ಅಲ್ಲಿ ಸಹ ಪೈಲಟ್ ಅಹ್ಲುವಾಲಿಯಾ ಮತ್ತೆ ಮೇಲೇರೋಣ ಅಂತ ಮೂರು ಸಲ ಹೇಳಿದ್ದರು. ದಾರಿಯುದ್ದಕ್ಕೂ ಬಹಳ ಹೊತ್ತು ನಿದ್ದೆಯಲ್ಲಿದ್ದು ಎದ್ದಿದ್ದ ಕ್ಯಾಪ್ಟನ್ ಗ್ಲುಸಿಕಾ ಕೇಳದೆ ಇಳಿಸಿದರು. 166 ಜನರಲ್ಲಿ ಉಳಿದವರು ಎಂಟು. ಮಂಗಳೂರಿನಲ್ಲಿ ಸರಿಯಾದ ಮಾತು ಬಾಯಿಂದ ಬಂತು, ಅದಕ್ಕೆ ಅಧಿಕಾರ ಇರಲಿಲ್ಲ. ಬೆಂಗಳೂರಿನಲ್ಲಿ ಇಬ್ಬರಿಗೂ ಅಧಿಕಾರ ಇತ್ತು, ಮಾತೂ ಬಂತು, ಆದ್ರೆ ಮಾತು ಕೈಗಿಳಿಯಲಿಲ್ಲ. ಈಗಿನ ಪೈಲಟ್ ತರಬೇತಿಯಲ್ಲಿ ಈ ಎರಡನ್ನೂ ಕಲಿಸ್ತಾರೆ. ಒಂದು ನಿಗದಿತ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿಜಾರು, ಎಂಜಿನ್ ಶಕ್ತಿ ಮೂರೂ ಸರಿ ಇರಬೇಕು. ಇಲ್ಲದಿದ್ರೆ ಸರಿಮಾಡೋಕೆ ಹೋಗದೆ ಮೇಲೇರಬೇಕು.

ನಮಗೇನು?

ನಮ್ಮ ಬಿನ್ನಿಪೇಟೆಗೆ ಹೆಸರು ಕೊಟ್ಟದ್ದು ಬಿನ್ನಿ ಮಿಲ್. ಪವರ್‌ಲೂಮ್ ನೋಡಿದವರಿಗೆ ಗೊತ್ತು, ನೂಲು ಹರಿದ್ರೆ ಮಗ್ಗ ತಾನೇ ನಿಲ್ಲೋ ಏರ್ಪಾಡು ಅದರಲ್ಲಿರುತ್ತೆ. ಏನೋ ಎಡವಟ್ಟಾಯ್ತಾ, ನಿಲ್ಲು. ಮಗ್ಗಕ್ಕೆ ನಿಂತ ಸ್ಥಿತಿಯೇ ಕ್ಷೇಮ. ವಿಮಾನಕ್ಕೆ ಆ ಭಾಗ್ಯ ಇಲ್ಲ, ಆಕಾಶದಲ್ಲಿ ನಿಂತು ಯೋಚಿಸೋಕೆ ಆಗಲ್ಲ. ಹಾಗಾಗಿ ನಿಲ್ಲಿಸೋಕಾಗದ ಯಂತ್ರ ಕಟ್ಟೋರಿಗೆ ಜವಾಬ್ದಾರಿ ಹೆಚ್ಚು. ಡ್ರೋನ್ ಇರಲಿ, ಆಸ್ಪತ್ರೆಯ ಇನ್‌ಫ್ಯೂಷನ್ ಪಂಪ್ ಇರಲಿ, ತಾನೇ ಓಡೋ ಕಾರ್ ಇರಲಿ, ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಪಕ್ಕ ಈ ನಾಲ್ಕು ಪ್ರಶ್ನೆ ಬರೆದಿಟ್ಕೊಳ್ಳಿ:

1. ಈಗ ಯಾವ ಮೋಡ್‌ನಲ್ಲಿದೆ ಅನ್ನೋದು ಬಳಸೋರಿಗೆ ಹುಡುಕದೇ ಗೊತ್ತಾಗುತ್ತಾ?

2. ಒಂದೇ ಅಂಕಿಗೆ ಎರಡು ಅರ್ಥ ಬರೋ ಜಾಗ ಎಲ್ಲಾದ್ರೂ ಇದೆಯಾ?

3. ಅರ್ಧ ಮಾತ್ರ ಆದ ಕೆಲಸವನ್ನ, ಅಂದ್ರೆ ಒಂದು ಸ್ವಿಚ್ ಆಫ್ ಇನ್ನೊಂದು ಆನ್ ಇರೋದನ್ನ, ಯಂತ್ರ ಎದ್ದು ಕಾಣೋ ಹಾಗೆ ಹೇಳುತ್ತಾ?

4. ಕೊನೆಯ ರಕ್ಷಣೆ ಕೆಲಸಕ್ಕೆ ಬರೋ ಹೊತ್ತಿಗೆ ಇನ್ನೂ ಸಮಯ ಉಳಿದಿರುತ್ತಾ?

ಬಳಸೋರಿಗೂ ಒಂದು ಪ್ರಶ್ನೆ ಇದೆ: 'ಇದನ್ನ ಈಗ ಯಾರು ನೋಡ್ಕೊಳ್ತಿದ್ದಾರೆ, ನಾನಾ, ಯಂತ್ರನಾ?' ಉತ್ತರ ಕೂಡಲೇ ಹೊಳೀದಿದ್ರೆ, ಚರ್ಚೆ ಆಮೇಲೆ, ಮೊದಲು ಲಿವರ್ ಮುಂದಕ್ಕೆ.

ಫರ್ನಾಂಡಿಸ್ ಮತ್ತು ಗೋಪುಜ್ಕರ್ ತಮ್ಮ ಪರವಾಗಿ ಒಂದು ಮಾತೂ ಹೇಳೋಕೆ ಉಳಿಯಲಿಲ್ಲ. ಅವರ ಕೊನೆಯ ಮಾತುಗಳನ್ನ ಯಂತ್ರ ಮುದ್ರಿಸಿಕೊಂಡಿತು, ಲೋಕ ಅದನ್ನೇ ಓದಿ ಅವರನ್ನ ಅಳೆಯಿತು. ಅವರ ಜೊತೆ ಹೋದ ಉಳಿದ 90 ಜನರಿಗೆ ಕಾಕ್‌ಪಿಟ್‌ನಲ್ಲಿ ಏನಾಗ್ತಿದೆ ಅಂತ ಗೊತ್ತೇ ಇರಲಿಲ್ಲ. ಈ 92 ಜನರ ಲೆಕ್ಕ ಪೈಲಟ್‌ಗಳ ಹೆಸರಿಗೆ ಬರೆದು ಮುಗಿಸೋದು ಸುಲಭ. ನಾಳೆ ನಾವು ಕಟ್ಟೋ ಯಂತ್ರದ ಮುಂದೆ ಕೂರೋ ಅನುಭವಿ, ದಣಿದ, ಅವಸರದ ಮನುಷ್ಯನನ್ನ ನೆನೆದು ವಿನ್ಯಾಸ ಮಾಡೋದು ಕಷ್ಟ. ಎಂಜಿನಿಯರ್ ಕೆಲಸ ಆ ಕಷ್ಟದ್ದೇ.

ಲೆಕ್ಕದಲ್ಲಿ ಲಿಫ್ಟ್-ಡ್ರ್ಯಾಗ್ ಅನುಪಾತ 8ರ ಬದಲು 10 ಹಾಕಿದ್ರೆ ಎಷ್ಟು ಸೆಕೆಂಡ್ ಸಿಗುತ್ತೆ ಅಂತ ನೀವೇ ಮಾಡಿ ನೋಡಿ. ಬಂದ ಉತ್ತರವನ್ನ ಸಂಘದ ಮುಂದಿನ ಸಭೆಗೆ ತನ್ನಿ. ಆ ಸೆಕೆಂಡುಗಳಲ್ಲಿ ಒಬ್ಬ ಮನುಷ್ಯ ಏನೇನು ಮಾಡಬಹುದು ಅನ್ನೋದರಿಂದ ಚರ್ಚೆ ಶುರು ಮಾಡೋಣ.